ಎಸ್ಸೆಸ್ಸೆಲ್ಸಿಯಿಂದ ಪದವಿ ತಂಡದವರೆಗೆ: ಉರ್ವ ಪರಿಸರದ ಬಾಸ್ಕೆಟ್‌ಬಾಲ್ ಆಟಗಾರರ ಪಾತ್ರ ಬದಲಾವಣೆ

ಶಾಲಾ ತಂಡದ ಮುಖ್ಯ ಆಟಗಾರ ಕಾಲೇಜು ತಂಡದಲ್ಲಿ ಹನ್ನೆರಡು ಮಂದಿಯಲ್ಲಿ ಒಬ್ಬನಾಗುವ ಪರಿಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅಮೆರಿಕದ್ದು. ಅಲ್ಲಿ ಹನ್ನೆರಡನೇ ತರಗತಿ ಮುಗಿಸಿದವರು ನೇರವಾಗಿ ವಿಶ್ವವಿದ್ಯಾಲಯದ ತಂಡ ಸೇರಬಹುದು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದ್ದು ಅಂಥ ವ್ಯವಸ್ಥೆಯಲ್ಲಿ. ಮಂಗಳೂರಿನ ಉರ್ವದ ಮಕ್ಕಳ ದಾರಿ ಬೇರೆ. ಉರ್ವದ ಕೆನರಾ ಪ್ರೌಢಶಾಲೆಯಲ್ಲೋ ಲೇಡಿಹಿಲ್‌ನ ವಿಕ್ಟೋರಿಯಾ ಶಾಲೆಯಲ್ಲೋ ಹತ್ತನೇ ತರಗತಿ ಮುಗಿಸಿದವರಿಗೆ ನಡುವೆ ಎರಡು ವರ್ಷದ ಪಿಯುಸಿ ಇದೆ. ಪಿಯುಸಿಯ ಕ್ರೀಡಾಕೂಟಗಳು ಶಿಕ್ಷಣ ಇಲಾಖೆಯವು. ಪದವಿಯ ಅಂತರ ಕಾಲೇಜು ಪಂದ್ಯಗಳು ವಿಶ್ವವಿದ್ಯಾಲಯದವು. ಹೊಸ ಪಾತ್ರವನ್ನು ಕಲಿಯಬೇಕಾದ ಈ ಎರಡು ವರ್ಷಗಳನ್ನೇ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಕೋಚಿಂಗ್‌ಗಳು ನುಂಗುತ್ತವೆ. ಹೊಂದಾಣಿಕೆಯ ತೊಡಕಿನ ಬೇರು ಪದವಿ ತಂಡದಲ್ಲಿಲ್ಲ, ಪಿಯುಸಿಯಲ್ಲಿದೆ ಎಂಬುದು ಈ ಲೇಖನದ ವಾದ.

ಕ್ರೀಡಾ ಮನೋವಿಜ್ಞಾನದ ಸಂಶೋಧಕರಾದ ಮಾರ್ಕ್ ಬೋಶಾಂ ಮತ್ತು ಸ್ಟೀವನ್ ಬ್ರೇ 2002ರ ಸುಮಾರಿಗೆ ತಂಡದ ಆಟಗಳಲ್ಲಿನ ಪಾತ್ರದ ಅಸ್ಪಷ್ಟತೆಯನ್ನು ನಾಲ್ಕು ಮುಖಗಳಲ್ಲಿ ವಿವರಿಸಿದರು: ಹೊಣೆಯ ವ್ಯಾಪ್ತಿ, ಅದನ್ನು ನಿಭಾಯಿಸುವ ಬಗೆ, ಅದರ ಮೌಲ್ಯಮಾಪನ, ನಿಭಾಯಿಸದಿದ್ದರೆ ಆಗುವ ಪರಿಣಾಮ. ನಮ್ಮಲ್ಲಿ ಹೆಚ್ಚು ತೊಡಕಿನದು ಮೂರನೆಯದು. ಅಂತರರಾಷ್ಟ್ರೀಯ ನಿಯಮದ ಪಂದ್ಯ 40 ನಿಮಿಷದ್ದು, ಅಂಗಣದಲ್ಲಿ ಐವರು. ಒಟ್ಟು 200 ಆಟಗಾರ-ನಿಮಿಷ. ಹನ್ನೆರಡು ಮಂದಿಗೆ ಸಮವಾಗಿ ಹಂಚಿದರೂ ಒಬ್ಬರ ಪಾಲಿಗೆ ಬರುವುದು 17 ನಿಮಿಷಕ್ಕೂ ಕಡಿಮೆ. ಶಾಲೆಯಲ್ಲಿ ಪಂದ್ಯವಿಡೀ ಆಡಿದವನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಆ ನಿಮಿಷಗಳಲ್ಲಿ ತಾನು ಮಾಡಿದ್ದನ್ನು ಗಮನಿಸಿದವರು ಯಾರು ಎಂಬುದು ಮಾತ್ರ ಅರ್ಥವಾಗುವುದಿಲ್ಲ.

ಸ್ಕ್ರೀನ್ ಹಾಕುವ ಕೆಲಸವನ್ನೇ ನೋಡಿ. ಎತ್ತರದ ಹುಡುಗ ಓಡಿಬಂದು ಎದುರಾಳಿಯ ದಾರಿಯಲ್ಲಿ ಕಾಲೂರಿ, ತೋಳುಗಳನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಾನೆ. ಚೆಂಡಿರುವ ಗಾರ್ಡ್ ಅವನ ಭುಜಕ್ಕೆ ತಾಗುವಷ್ಟು ಹತ್ತಿರದಿಂದ ನುಸುಳಿದರೆ ಬೆನ್ನಟ್ಟುತ್ತಿದ್ದವನು ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ತಾಗುವ ಹೊತ್ತಿಗೆ ಸ್ಕ್ರೀನ್ ಹಾಕಿದವನ ಪಾದ ಸರಿದಿದ್ದರೆ ಫೌಲ್; ಐದಾದರೆ ಹೊರಗೆ. ಬುಟ್ಟಿ ಬಿದ್ದಾಗ ಅಂಕ ಗಾರ್ಡ್‌ಗೆ. ಅಧಿಕೃತ ಸ್ಕೋರ್‌ಶೀಟಿನಲ್ಲಿ ಅಂಕಕ್ಕೂ ಫೌಲಿಗೂ ಜಾಗವಿದೆ, ಸ್ಕ್ರೀನಿಗಿಲ್ಲ, ರಿಬೌಂಡಿಗೂ ಇಲ್ಲ. ಹೀಗೆ ಚೆನ್ನಾಗಿ ಕೆಲಸ ಮಾಡಿದವನ ಹೆಸರಿನ ಮುಂದೆ ಉಳಿಯುವುದು ಅವನ ತಪ್ಪು ಮಾತ್ರ. ಅಂಕ ಗಳಿಸಿಯೇ ಶಾಲೆಯಲ್ಲಿ ಬೆಸ್ಟ್ ಪ್ಲೇಯರ್ ಟ್ರೋಫಿ ಪಡೆದವನಿಗೆ ಇದು ಹಿಂಬಡ್ತಿಯಂತೆ ತೋರಿದರೆ ಅವನನ್ನು ದೂರುವುದು ಅನ್ಯಾಯ.

ಗಡಿಯಾರದ್ದೂ ಒಂದು ಪಾತ್ರವಿದೆ. ಬುಟ್ಟಿಗೆಸೆಯಲು 24 ಸೆಕೆಂಡಿನ ಮಿತಿ ತೋರುವ ಯಂತ್ರವಿಲ್ಲದ ಶಾಲಾ ಪಂದ್ಯದಲ್ಲಿ ಒಬ್ಬನೇ ಬೇಕಾದಷ್ಟು ಹೊತ್ತು ಡ್ರಿಬಲ್ ಮಾಡಬಹುದು. ಆ ಮಿತಿ ಬಂದ ಕೂಡಲೇ ಚೆಂಡಿಲ್ಲದ ನಾಲ್ವರ ಓಡಾಟವೇ ಆಟವಾಗುತ್ತದೆ.

ಪಾತ್ರದ ಆ ನಾಲ್ಕು ಮುಖಗಳಲ್ಲಿ ಕರಾವಳಿಯ ಹವಾಮಾನದ ಲೆಕ್ಕವಿಲ್ಲ. ಪಿಯುಸಿ ತರಗತಿ ಆರಂಭವಾಗುವುದೂ ಮುಂಗಾರು ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಮೇಲ್ಛಾವಣಿಯಿಲ್ಲದ ಸಿಮೆಂಟು ಅಂಗಣ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಚೆಂಡು ಕೈಗೆ ಹತ್ತುವುದಿಲ್ಲ. ಮಳೆ ಬಿಟ್ಟ ಕೆಲವೇ ಸಂಜೆಗಳಲ್ಲಿ ಆಯ್ಕೆ ನಡೆದಾಗ ತರಬೇತುದಾರರ ಕಣ್ಣಿಗೆ ಬೀಳುವುದು ಎತ್ತರ ಮತ್ತು ಶೂಟಿಂಗ್; ಚೆಂಡಿಲ್ಲದಾಗಿನ ಆಟವನ್ನು ಅಳೆಯಲು ಬಿಡುವೇ ಸಿಗದು. ಎತ್ತರದ ಕಾರಣಕ್ಕೆ ಹತ್ತನೇ ತರಗತಿಯಲ್ಲಿ ರಿಂಗಿನ ಕೆಳಗೆ ನಿಂತವನು ಪಿಯುಸಿಯಲ್ಲೂ ಅಲ್ಲೇ ನಿಲ್ಲುತ್ತಾನೆ. ಪದವಿ ತಂಡದಲ್ಲಿ ತನಗಿಂತ ಎತ್ತರದವರು ಸಿಕ್ಕಾಗ ಹೊರಗಿನಿಂದ ಆಡುವ ಕಲೆ ಅವನಲ್ಲಿರುವುದಿಲ್ಲ.

ಲೆಕ್ಕಕ್ಕೆ ಸಿಗದ ಈ ಕೆಲಸಗಳನ್ನು ಗುರುತಿಸಲು ದೊಡ್ಡ ಖರ್ಚಿನ ಪರಿಹಾರ ಬೇಕಿಲ್ಲ. ಪಿಯು ತಂಡದ ಪ್ರತಿ ಪಂದ್ಯಕ್ಕೂ ಬೆಂಚಿನಲ್ಲಿ ಕುಳಿತ ಆಟಗಾರರೇ ಇನ್ನೊಂದು ಹಾಳೆ ತುಂಬಬಹುದು: ಸ್ಕ್ರೀನ್, ರಿಬೌಂಡ್, ಬುಟ್ಟಿಗೆ ದಾರಿಯಾದ ಪಾಸ್, ತಡೆದ ದಾಳಿ. ಬೆಂಚಿನವರಿಗೆ ಆಟ ಓದುವ ಅಭ್ಯಾಸವೂ ಆಗುತ್ತದೆ. ಪದವಿಗೆ ಸೇರುವಾಗ ಕ್ರೀಡಾ ಪ್ರಮಾಣಪತ್ರದೊಂದಿಗೆ ಆ ಎರಡು ವರ್ಷದ ಹಾಳೆಗಳೂ ಹೊಸ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಕೈ ಸೇರಬೇಕು.