ಕೆಂಪು ಶಾಯಿ ಮತ್ತು ‘ಬದುಕು’

ಮನ್ನಳ್ಳಿಯ ನಮ್ಮ ಶಾಲೆಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ಅವ್ವ ಕೂಲಿಗಿ ಹೋಗ್ಯಾಳ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ತಾಯಿ ಕೂಲಿಗೆ ಹೋಗಿದ್ದಾಳೆ’ ಎಂದು ತಿದ್ದಿದೆ. ಅದೇ ವಾರ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿ ಹಿಡಿದು ಕೂತೆ. ನಾನು ಹೊಡೆದುಹಾಕಿದಂಥ ಮಾತುಗಳೇ ಅಲ್ಲಿ ತುಂಬಿದ್ದವು!

ಬಹಮನಿ ಕೋಟೆ, ನಿಜಾಮರ ಆಳ್ವಿಕೆ, 1948ರ ವಿಮೋಚನೆ – ನಮ್ಮ ಭಾಗದ ಇತಿಹಾಸವೆಂದು ನಾನು ಕಲಿಸುವುದು ಇಷ್ಟೇ. ಅದರಲ್ಲಿ ಕೂಲಿ ಹೆಂಗಸರಿಲ್ಲ. ಆ ಕೊರತೆ ತುಂಬಿದವರು 1942ರಲ್ಲಿ ಕಲಬುರಗಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿ, ಗುಮಾಸ್ತೆಯಾಗಿ ದುಡಿಯುತ್ತಲೇ ಓದಿ ಅಧ್ಯಾಪಕಿಯಾದ ಗೀತಾ. 1968ರ ‘ತಾವರೆಯ ಹೂವು’ ಅವರ ಮೊದಲ ಕಾದಂಬರಿ. ಕೆಳಜಾತಿಯ ಬಡ ಹೆಣ್ಣಿನ ದುಡಿಮೆ, ಅವಳ ಮೇಲಿನ ಉಳ್ಳವರ ದಬ್ಬಾಳಿಕೆ ಅವರ ಬರಹದ ಜೀವಾಳ. ಕೆಲವು ಕಾದಂಬರಿಗಳಲ್ಲಿ ಕಷ್ಟದ ಮೇಲೆ ಕಷ್ಟ ಬಿದ್ದು ಕಥೆ ಭಾರವಾಗುತ್ತದೆ, ನಿಜ. ‘ಬದುಕು’ವಿನಲ್ಲಿ ಹಾಗಲ್ಲ, ಹೆಂಗಸರು ಅಳುತ್ತಾರೆ, ಬೈಯುತ್ತಾರೆ, ನಗುತ್ತಾರೆ.

ಈ ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಕನ್ನಡ ಲೇಖಕಿ ಅವರು. 2020ರಲ್ಲಿ ತೀರಿಕೊಂಡರು.

ಮರುವಾರ ಹುಡುಗಿಯನ್ನು ಕರೆದು ಹೇಳಿದೆ: ‘ಪರೀಕ್ಷಾದಾಗ ನಾ ತಿದ್ದಿದ್ದು ಬರಿ. ಅವ್ವನ ಕಥಿ ಬರಿಯುವಾಗ ಮಾತ್ರ ಅವ್ವನ ಮಾತೇ ಇರ್ಲಿ.’