ಉಗ್ಗು: ಕತ್ತರಿಯಿಂದ ಉಸಿರಿನವರೆಗೆ

ಯಲಹಂಕದಲ್ಲಿ ಬಸ್ ಹತ್ತಿ ಹೆಬ್ಬಾಳಕ್ಕೆ ಟಿಕೆಟ್ ಕೇಳುವುದು ಯಾವ ಮಹಾ ಕೆಲಸ ಎನ್ನಬಹುದು. ಉಗ್ಗುವವರಿಗೆ ಅದೇ ಮಹಾ ಕೆಲಸ. ಕಷ್ಟದ ಪದ ಎದುರಾದರೆ ಇನ್ನೊಂದು ಪದ ಬಳಸಿ ಅವರು ಪಾರಾಗುವುದುಂಟು. ಆದರೆ ಊರ ಹೆಸರಿಗೂ ತಮ್ಮದೇ ಹೆಸರಿಗೂ ಬದಲಿ ಪದವೆಲ್ಲಿದೆ?

ಈ ತೊಡಕಿಗೆ ಬಹುಕಾಲ ದೂರು ಹೊತ್ತದ್ದು ನಾಲಿಗೆ. ಗ್ರೀಸಿನ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ರೂಢಿಸಿಕೊಂಡನೆಂಬ ಕಥೆಯಿದೆ. ಮಾತು ಸ್ಪಷ್ಟವಾಗಲೆಂದು ಮಕ್ಕಳ ನಾಲಿಗೆಗೆ ಬಜೆ ತೇಯ್ದು ಸವರುವುದು ನಮ್ಮ ಮನೆಗಳ ವಾಡಿಕೆ. 1841ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಕ್ ಉಗ್ಗುವವರ ನಾಲಿಗೆಯ ಬುಡವನ್ನೇ ಕತ್ತರಿಸಿದ. ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲ ಅದು. ಆ ವಿಧಾನ ಬಹುಬೇಗ ಮೂಲೆಗೆ ಸೇರಿತು.

ನಾಲಿಗೆಯೇ ತಪ್ಪಿತಸ್ಥನಾಗಿದ್ದರೆ, ಮಾತಿನಲ್ಲಿ ತಡವರಿಸುವವರು ಹಾಡುವಾಗ ಸರಾಗವಾಗಿ ಹಾಡುವುದು ಹೇಗೆ? ಇಪ್ಪತ್ತನೆಯ ಶತಮಾನದ ಚಿಕಿತ್ಸಕರು ಗಮನವಿಟ್ಟದ್ದು ಮಾತಿನ ಗತಿಯ ಮೇಲೆ. ತನ್ನ ದನಿ ತನಗೇ ತುಸು ತಡವಾಗಿ ಕೇಳಿಸಿದರೆ ಮಾತು ಎಳೆದಂತಾಗಿ ಉಗ್ಗು ಇಳಿಯುವುದನ್ನು 1960ರ ದಶಕದಲ್ಲಿ ಅಮೆರಿಕದ ಗೋಲ್ಡೈಮಂಡ್ ತೋರಿಸಿದರು. ಸ್ವತಃ ಉಗ್ಗುತ್ತಿದ್ದ ಚಾರ್ಲ್ಸ್ ವ್ಯಾನ್ ರೈಪರ್ ಅವರದು ಬೇರೆ ಹಾದಿ: ಉಗ್ಗನ್ನು ಮುಚ್ಚಿಡಬೇಡಿ, ಬಿಗಿ ಸಡಿಲಿಸಿ ಹಗುರವಾಗಿ ಉಗ್ಗಿ.

ಇಂದಿನ ಚಿಕಿತ್ಸೆಯಲ್ಲಿ ಎರಡೂ ಬೆರೆತಿವೆ. 'ಹೆಬ್ಬಾಳ' ಎನ್ನುವ ಮುನ್ನ ಉಸಿರನ್ನು ಮೆಲ್ಲಗೆ ಬಿಡಬೇಕು. 'ಹೆ'ಯನ್ನು ತುಸು ಎಳೆಯಬೇಕು. 'ಬ್ಬಾ' ಬಂದಾಗ ತುಟಿಗಳನ್ನು ಒತ್ತದೆ ಹಗುರವಾಗಿ ತಾಗಿಸಬೇಕು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಚಿಕಿತ್ಸಕರನ್ನು ತರಬೇತುಗೊಳಿಸುತ್ತಿದೆ. ಉತ್ತರ ಬೆಂಗಳೂರಿನವರಿಗೆ ಹತ್ತಿರದಲ್ಲೇ, ಹೆಣ್ಣೂರು ರಸ್ತೆಯ ಲಿಂಗರಾಜಪುರದಲ್ಲಿ, ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ.

ತಂತ್ರವೇ ಎಲ್ಲವೂ ಅಲ್ಲ. ಚಿಕಿತ್ಸಕರ ಕೊಠಡಿಯಲ್ಲಿ ಸರಾಗವಾದ ಮಾತು ಬಸ್ಸಿನ ಗದ್ದಲದಲ್ಲಿ ಮತ್ತೆ ತಡೆಯುವುದು ಸಾಮಾನ್ಯ. ಹಾಗಾಗಿ ಅಭ್ಯಾಸ ಅಂಗಡಿಗೆ, ದೂರವಾಣಿಗೆ, ರೈಲ್ವೆ ಕೌಂಟರಿಗೂ ಸಾಗಬೇಕು. ಎರಡರಿಂದ ಐದರ ವಯಸ್ಸಿನಲ್ಲಿ ಉಗ್ಗು ಕಾಣಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಹೋಗುತ್ತದೆ. ಆದರೂ ತಿಂಗಳುಗಟ್ಟಲೆ ಮುಂದುವರಿದರೆ ಚಿಕಿತ್ಸಕರಿಗೆ ತೋರಿಸುವುದು ಒಳ್ಳೆಯದು. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಅದು ಉಳಿಯುತ್ತದೆ. ಅಂಥವರ ಪದವನ್ನು ನಾವೇ ಮುಗಿಸಿಕೊಡುವುದು, 'ನಿಧಾನವಾಗಿ ಹೇಳಿ' ಎಂದು ತಿದ್ದುವುದು ಉಪಕಾರವಲ್ಲ. ಅವರು ಹೇಳಿ ಮುಗಿಸುವವರೆಗೆ ಕಾಯುವುದಷ್ಟೇ ಕೇಳುಗರ ಕೆಲಸ.