ಕೊಲೆಗಾರನಿಗೆ ಓದಿದ ಸುವಾರ್ತೆ

ಪವಿತ್ರ ಗ್ರಂಥವನ್ನು ಓದುವ ಅರ್ಹತೆ ಯಾರಿಗಿದೆ? 1866ರಲ್ಲಿ ರಷ್ಯದ ಒಂದು ಕಾದಂಬರಿ ಈ ಪ್ರಶ್ನೆಯನ್ನು ಎಬ್ಬಿಸಿತ್ತು. ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಆ ವರ್ಷ 'ರೂಸ್ಕಿ ವೆಸ್ತ್‌ನಿಕ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಗುತ್ತಿತ್ತು. ಅದರ ಒಂದು ಅಧ್ಯಾಯವನ್ನು ಇದ್ದ ಹಾಗೆಯೇ ಅಚ್ಚು ಹಾಕಲು ಸಂಪಾದಕ ಕಾತ್ಕೋವ್ ಒಪ್ಪಲಿಲ್ಲ. ಮನೆಯವರ ಹೊಟ್ಟೆಪಾಡಿಗಾಗಿ ಮೈ ಮಾರಿಕೊಳ್ಳುವ ಸೋನ್ಯಾ ಎಂಬ ಹುಡುಗಿ ಕೊಲೆಗಾರನೊಬ್ಬನಿಗೆ ಸುವಾರ್ತೆ ಓದುವ ಅಧ್ಯಾಯ ಅದು. ಅದರಲ್ಲಿ ಅನೀತಿಯ ವಾಸನೆಯಿದೆ ಎಂಬುದು ಪತ್ರಿಕೆಯವರ ಆಕ್ಷೇಪ. ಲೇಖಕ ಅದನ್ನು ತಿದ್ದಿ ಬರೆಯಬೇಕಾಯಿತು. ಮೂಲರೂಪ ಉಳಿದುಬಂದಿಲ್ಲ.

ಉಳಿದಿರುವ ರೂಪದಲ್ಲೂ ಆ ದೃಶ್ಯ ಕಾದಂಬರಿಯ ಹೃದಯವೇ. ಅಸಾಮಾನ್ಯರಿಗೆ ಸಾಮಾನ್ಯರ ನೀತಿ ಅನ್ವಯಿಸದು ಎಂಬ ವಾದ ಕಟ್ಟಿಕೊಂಡ ಬಡ ಯುವಕ ರಾಸ್ಕೋಲ್ನಿಕೋವ್ ಗಿರವಿ ಹಿಡಿಯುವ ಮುದುಕಿಯೊಬ್ಬಳನ್ನು ಕೊಡಲಿಯಿಂದ ಕೊಲ್ಲುತ್ತಾನೆ. ಅಷ್ಟರಲ್ಲಿ ಅಲ್ಲಿಗೆ ಬಂದ ಅವಳ ಮಲತಂಗಿ ಲಿಜವೇತಾಳನ್ನೂ ಬಿಡುವುದಿಲ್ಲ. ಮುಂದೊಂದು ರಾತ್ರಿ ಅವನು ಸೋನ್ಯಾಳ ಕೋಣೆಗೆ ಬಂದು, ಲಾಜರನ ಕಥೆ ಓದುವಂತೆ ಒತ್ತಾಯಿಸುತ್ತಾನೆ. ಸತ್ತು ಸಮಾಧಿಯಲ್ಲಿ ನಾಲ್ಕು ದಿನ ಕಳೆದಿದ್ದ ಲಾಜರನನ್ನು ಯೇಸು ಎಬ್ಬಿಸಿದ ಈ ಕಥೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿದೆ. ಓದುವಾಗ ಸೋನ್ಯಾ 'ನಾಲ್ಕು' ಎಂಬ ಪದವನ್ನು ಒತ್ತಿ ಹೇಳುತ್ತಾಳೆ.

ಇಲ್ಲಿ ಲಾಜರ ಯಾರೆಂಬುದಕ್ಕೆ ಕಾದಂಬರಿಯೇ ಸೂಚನೆ ಕೊಟ್ಟಿದೆ. ರಾಸ್ಕೋಲ್ನಿಕೋವನ ಇಕ್ಕಟ್ಟಿನ ಕೋಣೆಯನ್ನು ಕಂಡ ತಾಯಿ ಅದನ್ನು ಶವಪೆಟ್ಟಿಗೆಗೆ ಹೋಲಿಸಿದ್ದಳು. ಉಸಿರಾಡುತ್ತಿದ್ದರೂ ಅವನು ಸತ್ತವನೇ. ಅದಕ್ಕಿಂತ ತೀಕ್ಷ್ಣವಾದ ಸಂಗತಿ ಇನ್ನೊಂದಿದೆ. ಸೋನ್ಯಾಳ ಕೈಯಲ್ಲಿರುವ ಹೊಸ ಒಡಂಬಡಿಕೆ ಲಿಜವೇತಾ ತಂದುಕೊಟ್ಟದ್ದು. ಕೊಂದವನಿಗೆ ಮರುಹುಟ್ಟಿನ ಮಾತು ಅವನೇ ಕೊಂದವಳ ಪುಸ್ತಕದಿಂದ ಬರುತ್ತದೆ. ಮುಂದೆ ಅವನು ಶರಣಾಗಲು ಹೊರಟಾಗ ಸೋನ್ಯಾ ತನ್ನ ಮರದ ಶಿಲುಬೆಯನ್ನು ಅವನಿಗೆ ತೊಡಿಸುತ್ತಾಳೆ. ಲಿಜವೇತಾಳ ತಾಮ್ರದ ಶಿಲುಬೆಯನ್ನು ತಾನು ಇಟ್ಟುಕೊಳ್ಳುತ್ತಾಳೆ.

ಈ ಸಂಕೇತಗಳ ಹಿಂದೆ ಲೇಖಕನ ಬದುಕೂ ಇದೆ. 1849ರಲ್ಲಿ ರಾಜಕೀಯ ಆಪಾದನೆಯ ಮೇಲೆ ಮರಣದಂಡನೆಗೆ ಗುರಿಯಾದ ದಾಸ್ತೊಯೆವ್‌ಸ್ಕಿಗೆ ವಧಾಸ್ಥಾನದಲ್ಲಿ, ಕೊನೆಯ ಗಳಿಗೆಯಲ್ಲಿ, ಜೀವದಾನ ಸಿಕ್ಕಿತು. 1850ರಲ್ಲಿ ಸೈಬೀರಿಯಕ್ಕೆ ಸಾಗುವ ದಾರಿಯಲ್ಲಿ, ತೊಬೊಲ್ಸ್ಕ್ ಊರಿನಲ್ಲಿ, ಹಿಂದಿನ ರಾಜಕೀಯ ಕೈದಿಗಳ ಪತ್ನಿಯರು ಅವನಿಗೆ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟರು. 1881ರಲ್ಲಿ ಸಾಯುವವರೆಗೂ ಅವನು ಅದನ್ನು ಕಾಪಾಡಿಕೊಂಡ. ಓಮ್ಸ್ಕ್ ಸೆರೆಮನೆಯಲ್ಲಿ ಕಳೆದದ್ದು ನಾಲ್ಕು ವರ್ಷ. ಆ ಕಾಲದಲ್ಲಿ ತಾನು ಜೀವಂತವಾಗಿ ಹೂಳಲ್ಪಟ್ಟಿದ್ದೆನೆಂದು ಬಿಡುಗಡೆಯ ನಂತರ ತಮ್ಮನಿಗೆ ಪತ್ರ ಬರೆದ. ಲಾಜರನ ಸಮಾಧಿ ಅವನಿಗೆ ಅಪರಿಚಿತವಾಗಿರಲಿಲ್ಲ.

ಸಂಪಾದಕರ ಆಕ್ಷೇಪಕ್ಕೆ ಉತ್ತರ ಸುವಾರ್ತೆಯಲ್ಲೇ ಇತ್ತು. ಊರು ಪಾಪಿಯೆಂದು ಹಳಿದ ಹೆಣ್ಣು ಯೇಸುವಿನ ಪಾದವನ್ನು ಕಣ್ಣೀರಿನಿಂದ ತೊಳೆದಾಗ ಅವನು ಅವಳ ಪಕ್ಷ ವಹಿಸಿದ್ದನು. ಸೋನ್ಯಾ ಬಾಡಿಗೆಗಿರುವ ಮನೆಯ ಯಜಮಾನನ ಹೆಸರು ಕಪೆರ್ನೌಮೊವ್. ಯೇಸು ಅನೇಕ ಅದ್ಭುತಗಳನ್ನು ಮಾಡಿದ ಕಪೆರ್ನೌಮ್ ಊರನ್ನು ಅದು ನೆನಪಿಸುತ್ತದೆ. ನಿಂದೆಗೊಳಗಾದವಳ ಕೋಣೆಯೇ ಅದ್ಭುತ ನಡೆಯಬೇಕಾದ ಜಾಗ.

ಆದರೆ ಆ ರಾತ್ರಿ ಅಲ್ಲಿ ಯಾವ ಅದ್ಭುತವೂ ನಡೆಯುವುದಿಲ್ಲ. ಕಥೆ ಕೇಳಿದವನು ಒಡನೆಯೇ ಬದಲಾಗುವುದಿಲ್ಲ. ಅವನು ತಪ್ಪೊಪ್ಪಿಕೊಳ್ಳುವುದು ಬಹಳ ತಡವಾಗಿ. ಸೈಬೀರಿಯದಲ್ಲೂ ಅಹಂಕಾರ ಬೇಗ ಕರಗುವುದಿಲ್ಲ. ಕೊನೆಯ ಪುಟದಲ್ಲಿ ಅದೇ ಪುಸ್ತಕ ಅವನ ದಿಂಬಿನ ಕೆಳಗಿದೆ. ಅವನು ಅದನ್ನು ಕೈಗೆತ್ತಿಕೊಳ್ಳುತ್ತಾನೆ, ತೆರೆಯುವುದಿಲ್ಲ. ಸೋನ್ಯಾಳ ನಂಬಿಕೆ ತನ್ನದೂ ಆಗಬಾರದೇಕೆ ಎಂಬ ಯೋಚನೆ ಮಾತ್ರ ಸುಳಿಯುತ್ತದೆ. ಸಮಾಧಿಯ ಬಾಯಿಯ ಕಲ್ಲನ್ನು ಬೇರೆಯವರು ಸರಿಸಬಹುದು; ಎದ್ದು ಹೊರಗೆ ನಡೆಯಬೇಕಾದವನು ಲಾಜರನೇ.